ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ದುರಸ್ತಿಯ ಮರುತಪಾಸಣೆ

ಲಾರಿಯಿಂದ ಸರಕು ಇಳಿದಾಗ ಮೂಟೆ ಎಣಿಸದೆ, ತೂಕ ನೋಡದೆ ಬಿಲ್ಲಿನ ಹಣ ಪಾವತಿಸುವ ವರ್ತಕರು ಇರಲಾರರು. ಹೊರಗೆ ಮಾಡಿಸಿದ ಬಿಡಿಭಾಗಗಳನ್ನು ಅಳತೆ ಪರೀಕ್ಷಿಸದೆ ಜೋಡಣೆಗೆ ಕಳುಹಿಸುವ ಕಿರು ಉದ್ಯಮಿಗಳೂ ವಿರಳ. ತಿರಸ್ಕೃತವಾದ ಮಾಲು ಹಿಂದಿರುಗಿ ಸರಿಪಡಿಸಲ್ಪಟ್ಟು ಬಂದಾಗಲಂತೂ ಅದನ್ನು ಮೊದಲಿಗಿಂತ ಹೆಚ್ಚು ಎಚ್ಚರಿಕೆಯಿಂದ ನೋಡುವುದು ವಾಡಿಕೆ. ಆದರೆ ಇದೇ ವ್ಯವಹಾರಸ್ಥರು ಜೀವಮಾನದ ಉಳಿತಾಯವನ್ನೆಲ್ಲ ಹಾಕಿ ಹಳೆಯ ಮನೆಯನ್ನೋ ಮಳಿಗೆಯನ್ನೋ ಕೊಳ್ಳುವಾಗ, ಮಾರುವವರು ‘ರಿಪೇರಿ ಮಾಡಿಸಿಕೊಟ್ಟಿದ್ದೇನೆ’ ಎಂದ ಒಂದು ಮಾತನ್ನು ನಂಬಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಹಾಕುವುದು ಸಾಮಾನ್ಯವಾಗಿದೆ.

ಅಮೆರಿಕದಂತಹ ದೇಶಗಳಲ್ಲಿ ಮನೆಯ ಮೊದಲ ತಪಾಸಣೆಯಲ್ಲಿ ಕಂಡ ದೋಷಗಳನ್ನು ಮಾರುವವರು ಸರಿಪಡಿಸಿದ ಬಳಿಕ, ವ್ಯವಹಾರ ಮುಗಿಯುವ ಮುನ್ನ ಮತ್ತೊಮ್ಮೆ ಪರೀಕ್ಷಿಸುವುದು ರೂಢಿಯಲ್ಲಿದೆ. ನಮ್ಮಲ್ಲಿ ಹಕ್ಕುಪತ್ರಗಳ ಪರಿಶೀಲನೆಗೆ ವಕೀಲರನ್ನು ನೇಮಿಸುವ ಪದ್ಧತಿ ಬೇರೂರಿದೆಯಾದರೂ, ಕಟ್ಟಡದ ಪರಿಶೀಲನೆಗೆ, ಅದರಲ್ಲೂ ದುರಸ್ತಿಯ ನಂತರದ ಪರಿಶೀಲನೆಗೆ, ಆ ಮಹತ್ವ ದೊರೆತಿಲ್ಲ.

ಒಂದು ನಿದರ್ಶನ

ಕಾಲ್ಪನಿಕವಾದರೂ ಅಪರೂಪವಲ್ಲದ ಒಂದು ವ್ಯವಹಾರವನ್ನು ಗಮನಿಸಬಹುದು. ಜಿಲ್ಲಾ ಕೇಂದ್ರವೊಂದರ ಜವಳಿ ವ್ಯಾಪಾರಿಯೊಬ್ಬರು ಹದಿನೆಂಟು ವರ್ಷ ಹಳೆಯ ಎರಡು ಅಂತಸ್ತಿನ ಮನೆಯನ್ನು 72 ಲಕ್ಷ ರೂ.ಗಳಿಗೆ ಕೊಳ್ಳಲು ಫೆಬ್ರುವರಿಯಲ್ಲಿ ಕರಾರು ಮಾಡಿಕೊಳ್ಳುತ್ತಾರೆ. ಮುಂಗಡ 10 ಲಕ್ಷ, ಬ್ಯಾಂಕ್ ಸಾಲ 45 ಲಕ್ಷ, ಉಳಿದ 17 ಲಕ್ಷ ನೋಂದಣಿಯ ದಿನ. ಮನೆ ನೋಡುವಾಗ ತಾರಸಿಯ ಕೆಳಗೆ ತೇವದ ಕಲೆ, ಸಜ್ಜಾದಲ್ಲಿ ತುಕ್ಕು ಹಿಡಿದ ಕಂಬಿ, ಮೇಲಂತಸ್ತಿನ ಸ್ನಾನದ ಕೋಣೆಯ ಸೋರಿಕೆ ಕಂಡಿರುತ್ತವೆ. ‘ನೋಂದಣಿಯೊಳಗೆ ಎಲ್ಲವನ್ನೂ ಸರಿಮಾಡಿಸುತ್ತೇನೆ’ ಎಂದು ಮಾರುವವರು ಒಪ್ಪುತ್ತಾರೆ. ಏಪ್ರಿಲ್‌ನಲ್ಲಿ ನೋಂದಣಿಯ ಹಿಂದಿನ ಸಂಜೆ ಕೊಳ್ಳುವವರು ಮನೆಗೆ ಹೋದಾಗ ಗೋಡೆಗಳು ಹೊಸ ಬಣ್ಣದಿಂದ ಥಳಥಳಿಸುತ್ತಿರುತ್ತವೆ. ಮನಸ್ಸು ತುಂಬುತ್ತದೆ, ಮರುದಿನ ಸಹಿ ಬೀಳುತ್ತದೆ.

ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹಳೆಯ ಕಲೆ ಹೊಸ ಬಣ್ಣದ ಮೇಲೆ ಮೂಡುತ್ತದೆ. ಸಜ್ಜಾದ ಗಾರೆ ಹಲ್ಲೆಯಾಗಿ ಉದುರುತ್ತದೆ. ಮತ್ತೆ ದುರಸ್ತಿಗೆ ಎರಡು ಲಕ್ಷಕ್ಕೂ ಮೇಲ್ಪಟ್ಟ ಖರ್ಚು. ವಿಚಾರಿಸಿದರೆ ಮಾರಿದವರು 60,000 ರೂ. ಕೊಟ್ಟ ಮೇಸ್ತ್ರಿಯ ಚೀಟಿ ತೋರಿಸಿ, ‘ನೀವೇ ಬಂದು ನೋಡಿ ಒಪ್ಪಿದಿರಲ್ಲ’ ಎನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಅವರು ಹಣ ಕೊಟ್ಟದ್ದು ನಿಜ. ಮೇಸ್ತ್ರಿ ಕೆಲಸ ಮಾಡಿದ್ದೂ ನಿಜ. ಆದರೆ ಆ ಕೆಲಸದಿಂದ ಸೋರಿಕೆ ನಿಂತಿತೇ ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ. ಖರ್ಚಿನ ವೋಚರ್ ಇದ್ದ ಮಾತ್ರಕ್ಕೆ ಕೆಲಸ ಸರಿಯಾಗಿ ನಡೆದಿದೆ ಎಂದು ಹೇಳಲಾಗದು ಎಂಬುದು ಲೆಕ್ಕ ತಪಾಸಣೆಯ ಪ್ರಾಥಮಿಕ ಪಾಠ. ಅದು ಇಲ್ಲಿಗೂ ಸಲ್ಲುತ್ತದೆ.

ಕಾನೂನಿನ ರಕ್ಷಣೆ ಎಷ್ಟು?

ಸ್ಥಿರಾಸ್ತಿಯ ಮಾರಾಟದಲ್ಲಿ ಉಭಯ ಪಕ್ಷಗಳ ಹಕ್ಕು ಬಾಧ್ಯತೆಗಳನ್ನು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ವಿವರಿಸುತ್ತದೆ. ತನಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದ ಮಹತ್ವದ ದೋಷವನ್ನು ಮಾರುವವರು ಬಹಿರಂಗಪಡಿಸಬೇಕು. ಕರಾರಿನ ದಿನದಿಂದ ಸ್ವಾಧೀನ ಕೊಡುವವರೆಗೆ ವಿವೇಕಿಯಾದ ಮಾಲೀಕನಂತೆ ಆಸ್ತಿಯನ್ನು ಕಾಪಾಡಬೇಕು. ಆದರೆ ಮಾಲೀಕತ್ವ ಕೊಳ್ಳುವವರಿಗೆ ವರ್ಗವಾದ ನಂತರ, ಮಾರಿದವರಿಂದ ಉಂಟಾಗದ ಹಾನಿಯನ್ನು ಕೊಂಡವರೇ ಭರಿಸಬೇಕು.

ಇಲ್ಲಿ ‘ಸಾಮಾನ್ಯ ಎಚ್ಚರಿಕೆ’ ಎಂಬ ಮಾತು ಮುಖ್ಯವಾದುದು. ತೇವದ ಕಲೆಯನ್ನು ಮೊದಲೇ ಕಂಡು, ದುರಸ್ತಿಗೆ ಒಪ್ಪಿಸಿ, ನಂತರ ಪರೀಕ್ಷಿಸದೆ ಸಹಿ ಹಾಕಿದವರು ದೋಷ ತಮಗೆ ತಿಳಿದಿರಲಿಲ್ಲ ಎಂದು ವಾದಿಸುವುದು ಕಷ್ಟ. ಕರಾರು ಮುರಿದರೆಂದು ಪರಿಹಾರ ಕೇಳುವ ದಾರಿ ಇದ್ದೇ ಇದೆ. ಆದರೆ ದುರಸ್ತಿಯ ಷರತ್ತು ಬರವಣಿಗೆಯಲ್ಲಿ ಇರಬೇಕು. ಎರಡು ಲಕ್ಷದ ದುರಸ್ತಿಗಾಗಿ ಅಂಗಡಿ ಬಿಟ್ಟು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವುದು ಯಾವ ವ್ಯಾಪಾರಿಗೂ ಲಾಭದ ಮಾತಲ್ಲ.

2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮದಡಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ರಚನೆಯ ಅಥವಾ ಕಾಮಗಾರಿಯ ದೋಷ ತಿಳಿಸಿದರೆ, ಪ್ರವರ್ತಕರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕೆಂಬ ನಿಯಮವಿದೆ. ಅದು ಆ ಕಾಯಿದೆಯ ವ್ಯಾಪ್ತಿಗೆ ಬರುವ ಯೋಜನೆಗಳ ಪ್ರವರ್ತಕರಿಗೆ ಸಂಬಂಧಿಸಿದ್ದು. ಖಾಸಗಿ ವ್ಯಕ್ತಿ ತಮ್ಮ ಹಳೆಯ ಮನೆಯನ್ನು ಮಾರುವಾಗ ಈ ರಕ್ಷಣೆಯನ್ನು ನಿರೀಕ್ಷಿಸಲಾಗದು.

ಬ್ಯಾಂಕಿನ ಮೌಲ್ಯಮಾಪಕರು ಬಂದು ನೋಡಿದ್ದಾರೆ, ಆದ್ದರಿಂದ ಚಿಂತೆಯಿಲ್ಲ ಎಂಬ ಭಾವನೆಯೂ ಹಲವರಲ್ಲಿದೆ. ಸಾಲಕ್ಕೆ ಆಸ್ತಿಯ ಬೆಲೆ ಆಧಾರವಾಗುವುದೇ ಎಂಬುದನ್ನು ತಿಳಿಯುವುದಷ್ಟೇ ಅವರ ಕೆಲಸ. ಸ್ನಾನದ ಕೋಣೆ ಸೋರುವುದು ನಿಂತಿದೆಯೇ ಎಂಬುದು ಅವರ ವರದಿಯ ವಿಷಯವಲ್ಲ.

ಕರಾರಿನಲ್ಲಿಯೇ ಅಡಿಪಾಯ

ಕರಾರಿನಲ್ಲಿ ಬರೆಯದ ಷರತ್ತನ್ನು ಮರುತಪಾಸಣೆಯಲ್ಲಿ ಅಳೆಯಲು ಬರುವುದಿಲ್ಲ. ‘ಮಾರುವವರು ಅಗತ್ಯ ರಿಪೇರಿ ಮಾಡಿಸಿಕೊಡತಕ್ಕದ್ದು’ ಎಂಬ ಒಂದು ಸಾಲಿಗೆ ಅರ್ಥವಿಲ್ಲ. ಕ್ರಯದ ಕರಾರಿಗೆ ದುರಸ್ತಿಗಳ ಪಟ್ಟಿಯನ್ನು ಅನುಬಂಧವಾಗಿ ಸೇರಿಸಿ ಇಬ್ಬರೂ ಸಹಿ ಮಾಡಬೇಕು. ಅದರಲ್ಲಿ ಈ ಅಂಶಗಳಿರುವುದು ಒಳಿತು:

1. ಪ್ರತಿ ದೋಷದ ಸ್ಥಳ ಮತ್ತು ಸ್ವರೂಪ, ದಿನಾಂಕ ಸಹಿತ ಛಾಯಾಚಿತ್ರ.
2. ಮಾಡಬೇಕಾದ ಕೆಲಸದ ವಿಧಾನ. ‘ಸೋರಿಕೆ ಸರಿಪಡಿಸುವುದು’ ಎಂಬುದಕ್ಕಿಂತ ‘ತಾರಸಿಯ ಹಳೆಯ ಪದರ ತೆಗೆದು ಜಲನಿರೋಧಕ ಲೇಪನ ಮಾಡುವುದು’ ಎಂಬ ವಿವರಣೆ.
3. ಕೆಲಸ ಮುಗಿಯಬೇಕಾದ ದಿನ. ಇದು ನೋಂದಣಿಗೆ ಕನಿಷ್ಠ ಮೂರು ವಾರ ಮೊದಲು ಇರಲಿ.
4. ಒಪ್ಪಿಗೆಯ ಪರೀಕ್ಷೆ ಯಾವುದು, ಅದನ್ನು ಯಾರು ಮಾಡುತ್ತಾರೆ, ಶುಲ್ಕ ಯಾರದು.
5. ಕೆಲಸ ನಡೆಯುವಾಗಲೂ ಮುಗಿದ ಮೇಲೂ ಕೊಳ್ಳುವವರಿಗೆ ಮನೆಯೊಳಗೆ ಪ್ರವೇಶ.
6. ಪರೀಕ್ಷೆಯಲ್ಲಿ ಕೆಲಸ ಅನುತ್ತೀರ್ಣವಾದರೆ ಮುಂದೇನು.
7. ಬಣ್ಣ ಕೊನೆಗೆ. ಪರೀಕ್ಷೆ ಮುಗಿದು ಒಪ್ಪಿಗೆಯಾಗುವವರೆಗೆ ದುರಸ್ತಿಯ ಜಾಗಕ್ಕೆ ಪುಟ್ಟಿ, ಬಣ್ಣ ಹಚ್ಚುವಂತಿಲ್ಲ.

ಏಳನೆಯ ಅಂಶ ಚಿಕ್ಕದಾಗಿ ಕಂಡರೂ ನಿದರ್ಶನದ ವ್ಯಾಪಾರಿಯನ್ನು ಅದೊಂದೇ ಉಳಿಸಬಹುದಾಗಿತ್ತು.

ಯಾವಾಗ, ಯಾರಿಂದ?

ನೋಂದಣಿಯ ಹಿಂದಿನ ಸಂಜೆ ತಪಾಸಣೆಗೆ ಹೊತ್ತಲ್ಲ. ಆಗ ದೋಷ ಕಂಡರೂ ಸರಿಪಡಿಸಲು ಸಮಯವಿಲ್ಲ, ವ್ಯವಹಾರ ನಿಲ್ಲಿಸಲು ಧೈರ್ಯವೂ ಸಾಲದು. ಕಾವೇರಿ ತಂತ್ರಾಂಶದಲ್ಲಿ ಮುದ್ರಾಂಕ ಹಾಗೂ ನೋಂದಣಿ ಶುಲ್ಕ ಪಾವತಿಸಿ ಸಮಯ ಕಾಯ್ದಿರಿಸುವ ಮುನ್ನವೇ ಮರುತಪಾಸಣೆ ಮುಗಿದಿರಬೇಕು. ಹೊಸ ಗಾರೆಗೆ ಕನಿಷ್ಠ ಒಂದು ವಾರ ನೀರುಣಿಸಬೇಕು, ನೀರು ನಿಲ್ಲಿಸುವ ಪರೀಕ್ಷೆಗೆ ಎರಡು ದಿನ ಬೇಕು, ಅನುತ್ತೀರ್ಣವಾದರೆ ಮತ್ತೆ ಅಷ್ಟೇ ದಿನ ಬೇಕು. ಈ ಲೆಕ್ಕದಲ್ಲಿ ಮೂರು ವಾರ ಹೆಚ್ಚಲ್ಲ. ನೋಂದಣಿಯ ಹಿಂದಿನ ದಿನ ಬೇಕಾದದ್ದು ಮನೆ ಖಾಲಿಯಾಗಿದೆಯೇ, ಒಪ್ಪಿದ ಪಂಪು, ಫ್ಯಾನುಗಳು ಅಲ್ಲೇ ಇವೆಯೇ ಎಂಬ ಕೊನೆಯ ನೋಟ ಮಾತ್ರ.

ಮರುತಪಾಸಣೆ ಮಾಡುವವರು ದುರಸ್ತಿ ಮಾಡಿದವರಾಗಿರಬಾರದು. ವ್ಯವಹಾರ ಕುದುರಿಸಿದ ದಲ್ಲಾಳಿಯೂ ಆಗಿರಬಾರದು. ಮೊದಲ ಬಾರಿ ದೋಷ ಪಟ್ಟಿ ಮಾಡಿದ ಸಿವಿಲ್ ಎಂಜಿನಿಯರರೇ ಎರಡನೆಯ ಬಾರಿಯೂ ಬಂದರೆ ಹೋಲಿಕೆ ಸುಲಭ. ವಿದ್ಯುತ್ ಕೆಲಸಕ್ಕೆ ಪರವಾನಗಿ ಹೊಂದಿದ ಗುತ್ತಿಗೆದಾರರನ್ನು ಪ್ರತ್ಯೇಕವಾಗಿ ಕರೆಯಬೇಕು.

ಏನನ್ನು, ಹೇಗೆ ನೋಡಬೇಕು?

ತಾರಸಿ: ಬೇಸಿಗೆಯಲ್ಲಿ ಯಾವ ತಾರಸಿಯೂ ಸೋರುವುದಿಲ್ಲ. ಆದ್ದರಿಂದ ಮಳೆಗಾಗಿ ಕಾಯದೆ ನೀರು ನಿಲ್ಲಿಸಿ ಪರೀಕ್ಷಿಸಬೇಕು. ಮಳೆನೀರಿನ ಕೊಳವೆಗಳ ಬಾಯಿ ಮುಚ್ಚಿ, ಒಂದೆರಡು ಅಂಗುಲ ಎತ್ತರಕ್ಕೆ ನೀರು ತುಂಬಿ 48 ಗಂಟೆ ಬಿಡಬೇಕು. ಮೊದಲೂ ಕೊನೆಗೂ ಕೆಳಗಿನ ಛಾವಣಿಯ ಚಿತ್ರ ತೆಗೆಯಬೇಕು. ತೇವ ನಿಧಾನವಾಗಿ ಇಳಿಯುವುದುಂಟು. ನೀರು ಬಿಟ್ಟ ಎರಡು ಮೂರು ದಿನಗಳ ನಂತರ ಇನ್ನೊಮ್ಮೆ ನೋಡುವುದು ಕ್ಷೇಮ. ಒಂದು ಅಂಗುಲ ನೀರಿಗೆ ಪ್ರತಿ ಚದರ ಮೀಟರಿಗೆ ಸುಮಾರು 25 ಕಿಲೋಗ್ರಾಂ ಭಾರವಿರುವುದರಿಂದ, ಶಿಥಿಲವಾದ ತಾರಸಿಯಲ್ಲಿ ಎಂಜಿನಿಯರರ ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ಮಾಡಬಾರದು.

ಸ್ನಾನದ ಕೋಣೆ: ಟೈಲ್ಸ್ ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಿದ ಮಾತ್ರಕ್ಕೆ ಸೋರಿಕೆ ನಿಲ್ಲುವುದೆಂಬ ಭರವಸೆಯಿಲ್ಲ. ನೀರು ಇಳಿಯುವ ಜಾಲರಿಯನ್ನು ಮುಚ್ಚಿ ನೀರು ನಿಲ್ಲಿಸಿ, ಕೆಳಗಿನ ಕೋಣೆಯ ಛಾವಣಿಯನ್ನು ಗಮನಿಸಬೇಕು. ನಂತರ ಎಲ್ಲ ನಲ್ಲಿಗಳನ್ನು ಒಮ್ಮೆಗೇ ತೆರೆದು ಹೊರಗಿನ ಚೇಂಬರಿನಲ್ಲಿ ನೀರು ಸರಾಗವಾಗಿ ಹರಿಯುವುದೇ ಎಂದು ನೋಡಬೇಕು.

ತುಕ್ಕು ಹಿಡಿದ ಕಂಬಿ: ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸುವುದರಿಂದ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಸಡಿಲ ಕಾಂಕ್ರೀಟನ್ನು ಪೂರ್ತಿ ಕೆತ್ತಿ, ಕಂಬಿಯ ತುಕ್ಕು ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬುವುದು ಸರಿಯಾದ ಕ್ರಮ. ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತುಕ್ಕು ಮುಂದುವರಿಯುತ್ತದೆ. ಮುಗಿದ ಕೆಲಸವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಹಿಡಿತವಿಲ್ಲವೆಂದು ಅರ್ಥ. ಆದರೂ ಒಳಗಿನ ಕಂಬಿ ಹೊರಗಿನಿಂದ ಕಾಣದು. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುನ್ನವೇ ನೋಡಬೇಕು. ಆದ್ದರಿಂದ ಕಂಬಿ ತೆರೆದಿರುವ ಹಂತದಲ್ಲಿ ಒಂದು ಭೇಟಿ ಕಡ್ಡಾಯ.

ಬಿರುಕು: ಗೋಡೆಯ ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಎಂದು ತಿಳಿಯಲು ಅಗ್ಗದ ಉಪಾಯವಿದೆ. ಕರಾರಿನ ಸಮಯದಲ್ಲಿಯೇ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ ದಿನಾಂಕ ಬರೆದಿಡಬೇಕು. ಕೆಲವು ವಾರಗಳ ಬಳಿಕ ಗಾಜು ಸೀಳಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಅಂತಹ ಬಿರುಕಿಗೆ ಪುಟ್ಟಿ ತುಂಬುವುದು ದುರಸ್ತಿಯಲ್ಲ, ಕಾರಣ ಹುಡುಕಬೇಕು.

ವಿದ್ಯುತ್: ನೆಲಸೋರಿಕೆಯಿಂದ ರಕ್ಷಿಸುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಅಳವಡಿಸಿದ್ದರೆ ಅದರ ಪರೀಕ್ಷಾ ಗುಂಡಿ ಒತ್ತಿದಾಗ ತಕ್ಷಣ ಸಂಪರ್ಕ ಕಡಿಯಬೇಕು. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಮಾಪಕದಿಂದ ಅಳೆಸಿ, ಫಲಿತಾಂಶವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಟ್ಯಾಂಕು, ಸಂಪು, ಕೊಳವೆ: ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕು ಮತ್ತು ಸಂಪಿನ ನೀರಿನ ಮಟ್ಟ ಗುರುತಿಸಿ, ಬೆಳಿಗ್ಗೆ ಹೋಲಿಸಬೇಕು. ನಲ್ಲಿಗಳೆಲ್ಲ ಮುಚ್ಚಿ, ಟ್ಯಾಂಕು ಸಂಪುಗಳಿಗೆ ನೀರು ತುಂಬುತ್ತಿರದಿದ್ದರೂ ಮೀಟರು ತಿರುಗುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ.

ಗೆದ್ದಲು: ಕಟ್ಟಿದ ಮನೆಗಳಿಗೆ ಗೆದ್ದಲು ನಿರೋಧಕ ಚಿಕಿತ್ಸೆಯ ಕ್ರಮವನ್ನು ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗ ವಿವರಿಸುತ್ತದೆ. ನೆಲ ಮತ್ತು ಗೋಡೆ ಕೂಡುವಲ್ಲಿ ಸುಮಾರು 30 ಸೆಂ.ಮೀ. ಅಂತರದಲ್ಲಿ ಕೊರೆದು ಮುಚ್ಚಿದ ರಂಧ್ರಗಳು ಕಾಣದಿದ್ದರೆ ‘ಚಿಕಿತ್ಸೆ’ ಎಂದರೆ ಏನು ಮಾಡಿದ್ದಾರೆಂದು ಕೇಳಬೇಕು. ಮೊದಲ ಭೇಟಿಯಲ್ಲಿ ಕೆಡವಿದ ಮಣ್ಣಿನ ಗೆದ್ದಲುದಾರಿ ಮತ್ತೆ ಕಟ್ಟಿಕೊಂಡಿದ್ದರೆ ಉತ್ತರ ಅಲ್ಲೇ ಇದೆ.

ಕಾಗದಪತ್ರಗಳು

ಗುತ್ತಿಗೆದಾರರ ಬಿಲ್ಲು, ಬಳಸಿದ ಸಾಮಗ್ರಿಯ ರಸೀದಿ ಮತ್ತು ಖಾತರಿ ಪತ್ರಗಳನ್ನು ನೋಂದಣಿಗೆ ಮುನ್ನ ಪಡೆಯಬೇಕು. ಜಲನಿರೋಧಕ ಕೆಲಸದ ಖಾತರಿ ಮಾರುವವರ ಹೆಸರಿನಲ್ಲಿದ್ದರೆ, ನಾಳೆ ದೂರು ಬಂದಾಗ ಗುತ್ತಿಗೆದಾರರು ‘ನಿಮಗೂ ನಮಗೂ ಸಂಬಂಧವಿಲ್ಲ’ ಎನ್ನಬಹುದು. ಆದ್ದರಿಂದ ಖಾತರಿಯನ್ನು ಹೊಸ ಮಾಲೀಕರಿಗೆ ವರ್ಗಾಯಿಸಿದ ಪತ್ರ ಅಗತ್ಯ. ಮರುತಪಾಸಣೆಯ ವರದಿಗೆ ಇಬ್ಬರೂ ಸಹಿ ಮಾಡಬೇಕು. ಮೊಬೈಲಿನಲ್ಲಿ ತೆಗೆದ ಮೂಲ ಚಿತ್ರಗಳನ್ನು ಅಳಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಜೊತೆ ನಿಗದಿತ ಪ್ರಮಾಣಪತ್ರ ಬೇಕಾಗುತ್ತದೆ.

ಕೆಲಸ ಬಾಕಿ ಉಳಿದರೆ

ಮರುತಪಾಸಣೆಯಲ್ಲಿ ಕೆಲಸ ಅಪೂರ್ಣವೆಂದು ಕಂಡರೆ ಮೂರು ದಾರಿಗಳಿವೆ. ಪ್ರತಿಯೊಂದಕ್ಕೂ ಅದರದೇ ಆದ ತೆರಿಗೆಯ ಪರಿಣಾಮವಿದೆ.

ಮೊದಲನೆಯದು, ನೋಂದಣಿ ಮುಂದೂಡುವುದು. ಕರಾರಿನ ಅವಧಿಯನ್ನು ಲಿಖಿತವಾಗಿ ವಿಸ್ತರಿಸಿಕೊಳ್ಳಬೇಕು. ಬ್ಯಾಂಕಿನ ಸಾಲ ಮಂಜೂರಾತಿಯ ಅವಧಿಯನ್ನೂ ನೋಡಿಕೊಳ್ಳಬೇಕು.

ಎರಡನೆಯದು, ಬೆಲೆ ಇಳಿಸುವುದು. ನಿದರ್ಶನದಲ್ಲಿ 72 ಲಕ್ಷವನ್ನು 70 ಲಕ್ಷಕ್ಕೆ ಇಳಿಸಿ ದುರಸ್ತಿಯನ್ನು ಕೊಳ್ಳುವವರೇ ಮಾಡಿಸಿಕೊಳ್ಳಬಹುದಾಗಿತ್ತು. ಇದು ಮಾರುವವರಿಗೂ ಅನುಕೂಲ. ಸಾಮಾನ್ಯ ದುರಸ್ತಿಗೆ ತಾವು ಮಾಡಿದ ಖರ್ಚನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಸುಧಾರಣಾ ವೆಚ್ಚವೆಂದು ಕಳೆಯುವುದು ಕಷ್ಟ. ಬೆಲೆಯೇ ಇಳಿದರೆ ಲಾಭದ ಮೊತ್ತವೂ ಇಳಿಯುತ್ತದೆ. ಆದರೆ ಇಳಿಸಿದ ಬೆಲೆ ಮಾರ್ಗಸೂಚಿ ಬೆಲೆಗಿಂತ ಕೆಳಗೆ ಹೋಗುವುದೇ ಎಂದು ನೋಡಬೇಕು. ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಯ ಮೇಲೆಯೇ ಬೀಳುತ್ತದೆ, ವ್ಯತ್ಯಾಸ ಶೇ. 10ರ ಮಿತಿ ದಾಟಿದರೆ ಆದಾಯ ತೆರಿಗೆಯಲ್ಲಿ ಉಭಯರಿಗೂ ತೊಡಕಾಗಬಹುದು.

ಮೂರನೆಯದು, ಹಣದ ಒಂದು ಭಾಗವನ್ನು ತಡೆಹಿಡಿಯುವುದು. ಬಾಕಿ ಕೆಲಸದ ಅಂದಾಜು 1.20 ಲಕ್ಷವಾದರೆ, ಖರ್ಚು ಏರುವ ಸಂಭವವಿರುವುದರಿಂದ ಅದರ ಒಂದೂವರೆ ಪಟ್ಟು, ಅಂದರೆ 1.80 ಲಕ್ಷ ತಡೆಹಿಡಿಯುವುದು ನ್ಯಾಯ. ಈ ಮೊತ್ತ ಕೊಳ್ಳುವವರ ಸ್ವಂತ ಪಾಲಿನಿಂದಲೇ ಬರಬೇಕು; ಬ್ಯಾಂಕಿಗೆ ಮೊದಲೇ ತಿಳಿಸಿರಬೇಕು. ಹಣವನ್ನು ಉಭಯರಿಗೂ ನಂಬಿಕೆಯಿರುವ ವಕೀಲರ ಬಳಿ ಇಡಬಹುದು. ಕ್ರಯಪತ್ರದಲ್ಲಿ ‘ಪೂರ್ಣ ಹಣ ಸಂದಾಯವಾಗಿದೆ’ ಎಂದು ಬರೆದು ಹೊರಗೆ ಬಾಯಿಮಾತಿನಲ್ಲಿ ಬಾಕಿ ಉಳಿಸುವುದು ಅಪಾಯಕಾರಿ. ಬಾಕಿಯನ್ನು ಪತ್ರದಲ್ಲಿ ನಮೂದಿಸಿದರೆ ಆ ಮೊತ್ತಕ್ಕೆ ಮಾರಿದವರಿಗೆ ಆಸ್ತಿಯ ಮೇಲೆ ಋಣಭಾರದ ಹಕ್ಕು ಉಂಟಾಗುವುದರಿಂದ, ಕೊನೆಗೆ ಪಾವತಿಸಿದಾಗ ತೀರುವಳಿಯ ರಸೀದಿ ಪಡೆಯಬೇಕು.

ಕ್ರಯದ ಮೊತ್ತ ಅಥವಾ ಮಾರ್ಗಸೂಚಿ ಬೆಲೆ 50 ಲಕ್ಷ ರೂ. ಅಥವಾ ಹೆಚ್ಚಿದ್ದರೆ ಕೊಳ್ಳುವವರು ಮೂಲದಲ್ಲಿಯೇ ಶೇ. 1ರಷ್ಟು ತೆರಿಗೆ ಕಡಿತ ಮಾಡಬೇಕಲ್ಲವೇ? ತಡೆಹಿಡಿದ ಹಣವೂ ಕ್ರಯದ ಭಾಗವೇ ಆದ್ದರಿಂದ ಅದನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಮಾರುವವರು ಅನಿವಾಸಿಗಳಾದರೆ ಈ ನಿಯಮ ಅನ್ವಯಿಸದು. ಕಡಿತದ ಕ್ರಮವೇ ಬೇರೆ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ನಿಷಿದ್ಧ. ತಡೆಹಿಡಿದ ಹಣವನ್ನು ನಂತರ ಕೊಡುವಾಗಲೂ ಇದು ಅನ್ವಯಿಸುತ್ತದೆ.

ವ್ಯಾಪಾರಕ್ಕೆ ಕೊಳ್ಳುವ ಕಟ್ಟಡ

ಮಳಿಗೆ, ಗೋದಾಮು, ಶೆಡ್ಡು ಕೊಳ್ಳುವವರು ಇನ್ನೊಂದು ಅಂಶವನ್ನೂ ಗಮನಿಸಬೇಕು. ಬಳಕೆಯಲ್ಲಿರುವ ಕಟ್ಟಡದ ಚಾಲ್ತಿ ದುರಸ್ತಿಯನ್ನು ವ್ಯಾಪಾರದ ಖರ್ಚೆಂದು ಕಳೆಯಬಹುದು. ಹೊಸದಾಗಿ ಕೊಂಡ ಕಟ್ಟಡವನ್ನು ಬಳಕೆಗೆ ಯೋಗ್ಯವಾಗಿಸಲು ಮಾಡಿದ ವೆಚ್ಚ ಬಂಡವಾಳ ಸ್ವರೂಪದ್ದೆಂದು ಪರಿಗಣಿತವಾಗುವ ಸಂಭವ ಹೆಚ್ಚು. ಹಾಗೆ ಬಂಡವಾಳವೆಂದು ಪುಸ್ತಕದಲ್ಲಿ ತೋರಿಸಿದ ದುರಸ್ತಿಯ ಮೇಲೆ ಜಿಎಸ್‌ಟಿ ಹೂಡುವಳಿ ಜಮೆಯೂ ಸಿಗದು. ಮಾರುವವರ ಹೆಸರಿನ ಬಿಲ್ಲಿಗಂತೂ ಕೊಳ್ಳುವವರಿಗೆ ಜಮೆಯಿಲ್ಲ. ನೋಂದಣಿಯ ಬಳಿಕ ಕಂಡುಬಂದ ದೋಷ ಹೀಗೆ ಎರಡು ಕಡೆ ಹೊರೆಯಾಗುತ್ತದೆ.

ಮಾರುವವರಿಗೂ ಹಿತ

ಮರುತಪಾಸಣೆ ಕೊಳ್ಳುವವರ ಅಪನಂಬಿಕೆಯ ಸೂಚನೆಯೆಂದು ಮಾರುವವರು ಬೇಸರಿಸಬೇಕಾಗಿಲ್ಲ. ಇಬ್ಬರೂ ಸಹಿ ಮಾಡಿದ ವರದಿಯಿದ್ದರೆ, ಮೂರು ವರ್ಷಗಳ ನಂತರ ಬಂದ ಹೊಸ ಸೋರಿಕೆಗೆ ಹಳೆಯ ಮಾಲೀಕರನ್ನು ದೂರುವ ಅವಕಾಶ ಉಳಿಯುವುದಿಲ್ಲ. ಮೇಸ್ತ್ರಿಗೆ ಕೊಟ್ಟ ಹಣಕ್ಕೆ ಕೆಲಸ ಆಯಿತೇ ಎಂಬುದೂ ಅವರಿಗೆ ತಿಳಿಯುತ್ತದೆ. ನಿದರ್ಶನದಲ್ಲಿ 60,000 ರೂ. ಕಳೆದುಕೊಂಡವರು ಮಾರಿದವರೇ ಎಂಬುದನ್ನು ಮರೆಯಬಾರದು. ಅದರೊಡನೆ ಒಂದೇ ಊರಿನ ಇಬ್ಬರು ವ್ಯವಹಾರಸ್ಥರ ನಡುವಿನ ಮಾತುಕತೆಯೂ ನಿಂತುಹೋಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕೊಳ್ಳುವವರು ಎರಡು ಬಾರಿ ನೋಡಬೇಕು: ದೋಷ ಹುಡುಕಲು ಒಮ್ಮೆ, ದೋಷ ಹೋಗಿದೆಯೇ ಎಂದು ತಿಳಿಯಲು ಇನ್ನೊಮ್ಮೆ. ಎಂಜಿನಿಯರರ ಎರಡನೆಯ ಭೇಟಿಯ ಶುಲ್ಕ, ತಾರಸಿಗೆ ತುಂಬಿದ ಒಂದು ಟ್ಯಾಂಕರ್ ನೀರು, ಮೂರು ವಾರಗಳ ತಾಳ್ಮೆ — 72 ಲಕ್ಷದ ವ್ಯವಹಾರದಲ್ಲಿ ಇವು ದೊಡ್ಡ ಖರ್ಚಲ್ಲ. ಹಣ ಕೈಯಲ್ಲಿರುವವರೆಗೆ ಮಾತಿಗೆ ಬೆಲೆಯಿರುತ್ತದೆ. ಆದ್ದರಿಂದ ಪರೀಕ್ಷೆ ಮೊದಲು, ಸಹಿ ನಂತರ ಎಂಬ ಕ್ರಮವನ್ನು ಪಾಲಿಸುವುದು ಲೇಸು.